ನೂರಾ ಮೂವತ್ತೊಂದು ಡಿಗ್ರಿ

ನಲವತ್ಮೂರನೆಯ ವಯಸ್ಸಿನಲ್ಲಿ, ಹದಿನೆಂಟು ವರ್ಷ ಪಾಠ ಹೇಳಿದ ಶಾಲೆಗೆ ಒಂದು ವರ್ಷದ ರಜೆ ಬರೆದುಕೊಟ್ಟು, ಸೂಜಿ ಮತ್ತೆ ವಿದ್ಯಾರ್ಥಿನಿಯಾದಳು. ವಿಶ್ವವಿದ್ಯಾಲಯದಲ್ಲಿ ಅದಕ್ಕೊಂದು ನಿಯಮವಿತ್ತು. ಶಾಲೆಯಲ್ಲಿ ಪಾಠ ಹೇಳುವವರು ಅತಿಥಿ ವಿದ್ಯಾರ್ಥಿಯಾಗಿ ಬಂದು ಎರಡು ವಿಷಯ ಓದಬಹುದು, ಪ್ರಯೋಗಾಲಯ ಬಳಸಬಹುದು, ಒಂದು ಸೆಮಿನಾರ್ ಕೊಟ್ಟು ಪರೀಕ್ಷೆ ಬರೆಯಬಹುದು. ಪದವಿ ಇಲ್ಲ, ಒಂದು ಪ್ರಮಾಣಪತ್ರ ಅಷ್ಟೇ. ಅರ್ಜಿಯಲ್ಲಿ ಉದ್ದೇಶ ಎಂಬ ಕಡೆ ಅವಳು 'ವಿಷಯಜ್ಞಾನ ಹೆಚ್ಚಿಸಿಕೊಳ್ಳಲು' ಎಂದು ದುಂಡಗೆ ಬರೆದಳು. ವಿಷಯಗಳ ಕಡೆ ಉನ್ನತ ಸಾವಯವ ರಸಾಯನಶಾಸ್ತ್ರ, ಉನ್ನತ ನಿರವಯವ ರಸಾಯನಶಾಸ್ತ್ರ ಎಂದು ಬರೆದಳು. ಅವಳಿಗೆ ಬೇಕಿದ್ದದ್ದು ಮೊದಲನೆಯದು ಮಾತ್ರ. ಅದನ್ನು ಕಲಿಸುತ್ತಿದ್ದವರು ದೊಡ್ಡ ಮೇಷ್ಟ್ರು, ಅವರು ಆ ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಆಗಬೇಕಿತ್ತು.

ನಿಜ ಗೊತ್ತಿದ್ದದ್ದು ಅಮ್ಮನೊಬ್ಬಳಿಗೇ.

"ಓದೋಕೆ ಹೋಗ್ತಿದೀಯೋ, ಜಗಳಕ್ಕೆ ಹೋಗ್ತಿದೀಯೋ?"

"ಎರಡಕ್ಕೂ."

"ಇಪ್ಪತ್ತೊಂದು ವರ್ಷ ಆಯ್ತಲ್ಲೇ. ಹಾವು ಕೂಡ ಇಷ್ಟು ದಿನ ಹಲ್ಲು ಮಸೀತಾ ಕೂರಲ್ಲ."

"ಹಾವಿಗೆ ರಜೆ ಮಂಜೂರು ಮಾಡಿಸ್ಕೊಳ್ಳೋ ತಾಪತ್ರಯ ಇಲ್ವಲ್ಲಮ್ಮ. ನಂಗೆ ಈಗ ಸಿಕ್ತು."

ಅಮ್ಮ ನಗಲಿಲ್ಲ. ಮಗಳ ಚೀಲಕ್ಕೆ ನೀರಿನ ಬಾಟಲಿ ಇಟ್ಟು ಒಳಗೆ ಹೋದಳು.

ಸೂಜಿ ಎಂಬುದು ಮನೆಯಲ್ಲಿಟ್ಟ ಹೆಸರಲ್ಲ. ಅದು ಬಂದದ್ದು ಇದೇ ವಿಶ್ವವಿದ್ಯಾಲಯದಲ್ಲಿ, ಎಂ.ಎಸ್ಸಿ.ಯ ಕೊನೆಯ ವರ್ಷ, ಅವಳಿಗೆ ಇಪ್ಪತ್ತೆರಡಾಗಿದ್ದಾಗ. ಅವಳ ಅಪ್ಪ ಟೈಪ್‌ರೈಟರ್ ರಿಪೇರಿ ಮಾಡುವವರು. ಕಚೇರಿಯಿಂದ ಕಚೇರಿಗೆ ಎಣ್ಣೆ ಬುಡ್ಡಿ, ಸ್ಕ್ರೂಡ್ರೈವರ್ ಹಿಡಿದು ತಿರುಗುತ್ತಿದ್ದವರಿಗೆ ಮಗಳು ವಿಜ್ಞಾನ ಓದುತ್ತಾಳೆಂಬುದೇ ಹಬ್ಬ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಎರಡು ಪುಡಿಗಳನ್ನು ಸ್ಪಿರಿಟ್ಟಿನಲ್ಲಿ ಕುದಿಸಿ, ಆರಿಸಿ, ಒಂದು ವಸ್ತು ತಯಾರಿಸಿದಳು. ವಿಭಾಗದ ಹಿಂದಿನ ವರಾಂಡದ ಪುಟ್ಟ ಕೋಣೆಯೇ ಅವಳ ಪ್ರಯೋಗಾಲಯ. ಫ್ಲಾಸ್ಕಿನ ತಳದಲ್ಲಿ ಕೂದಲೆಳೆಯಂಥ ಬಿಳಿ ಸೂಜಿಗಳು ಎದ್ದುನಿಂತವು. ಶುದ್ಧ ವಸ್ತುವಿಗೆ ತನ್ನದೇ ಕರಗುವ ಬಿಂದು ಇರುತ್ತದೆ, ಅದೇ ಅದರ ಗುರುತಿನ ಚೀಟಿ. ಇವು ಕರಗಿದ್ದು ನೂರಾ ಮೂವತ್ತೊಂದು ಡಿಗ್ರಿಗೆ. ಅವಳು ಒಂದಿಷ್ಟನ್ನು ಪರೀಕ್ಷೆಗೆ ಹೊರಗೆ ಕಳಿಸಿದಳು, ಅದರಲ್ಲಿ ಯಾವ ಧಾತು ಎಷ್ಟಿದೆ ಎಂಬ ಅಂಕಿಗಳು ಬಂದವು, ಶುದ್ಧ ವಸ್ತುವಿನಲ್ಲಿ ಇರಬೇಕಾದಷ್ಟೇ.

ತೊಡಕಾದದ್ದು ಇಲ್ಲಿ. ಅದೇ ವಸ್ತುವಿನ ಮೇಲೆ ದೊಡ್ಡ ಮೇಷ್ಟ್ರು ಎರಡು ವರ್ಷ ಮೊದಲೇ ಪೇಪರ್ ಪ್ರಕಟಿಸಿದ್ದರು. ಅದರಲ್ಲಿ ಹರಳುಗಳು ಚಪ್ಪಟೆ ಬಿಲ್ಲೆಗಳು, ಕರಗುವುದು ನೂರಾ ನಲವತ್ತೇಳಕ್ಕೆ. ಆ ಪೇಪರಿನಿಂದಲೇ ಅವರು ದೊಡ್ಡವರಾದದ್ದು. ಅವರು ಅವಳನ್ನು ತಮ್ಮ ಪ್ರಯೋಗಾಲಯಕ್ಕೆ ಕರೆಸಿ, ಹನ್ನೊಂದು ಜನ ಸಹಪಾಠಿಗಳ ಎದುರಿಗೆ, ಮತ್ತೆ ಮಾಡು ಎಂದರು. ನಾಲ್ಕು ಸಲ ಮಾಡಿದಳು. ನಾಲ್ಕು ಸಲವೂ ಬಿಲ್ಲೆ, ನೂರಾ ನಲವತ್ತೇಳು. ಅವಳು ತಂದಿದ್ದ ಹಳೆಯ ಸೀಸೆಯ ಮುಚ್ಚಳವನ್ನೂ ಅಲ್ಲೇ ತೆಗೆಸಿದರು. ವಾರದೊಳಗೆ ಅದರಲ್ಲಿದ್ದ ಪುಡಿಯೂ ನೂರಾ ನಲವತ್ತೇಳಕ್ಕೇ ಕರಗತೊಡಗಿತು.

"ಎಲ್ಲಮ್ಮ ನಿನ್ನ ಸೂಜಿ?" ಎಂದರು ಮೇಷ್ಟ್ರು. ಹುಡುಗರು ನಕ್ಕರು. ಹೆಸರು ಅಂಟಿಕೊಂಡಿತು. ಮೇಷ್ಟ್ರು ನಗಲಿಲ್ಲ. "ಕಡಿಮೆ ಶಾಖಕ್ಕೆ ಕರಗಿತು ಅಂದ್ರೆ ಕಲಬೆರಕೆ. ಕಲಬೆರಕೆ ಪುಡಿಗೆ ಇಷ್ಟು ಶುದ್ಧವಾದ ಅಂಕಿ ಎಲ್ಲಿಂದ ಬಂತು? ನನ್ನ ಪೇಪರಿಂದ ಎತ್ತಿದ್ದು."

ವಿಭಾಗದ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಅಂಕಿ ಕಳವು' ಎಂದು ಬರೆದು, ಪ್ರಾಜೆಕ್ಟಿಗೆ ಸೊನ್ನೆ ಕೊಟ್ಟರು. ಪದವಿ ಅಲ್ಲಿಗೆ ಮುಗಿಯಿತು. ಅಪ್ಪ ಬಂದು ಮೇಷ್ಟ್ರ ಕೋಣೆಯ ಹೊರಗೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಿಂತರು. ಮೇಷ್ಟ್ರು ಮೂರು ಸಲ ಅವರ ಪಕ್ಕದಲ್ಲೇ ಹಾದುಹೋದರು. ಒಳಗೆ ಬನ್ನಿ ಎನ್ನಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತರು. ಆಮೇಲೆ ಓದಿನ ಮಾತನ್ನು ಎಂದೂ ಎತ್ತಲಿಲ್ಲ. ಆರು ವರ್ಷಕ್ಕೆ ತೀರಿಕೊಂಡರು. ಮಗಳು ಕದ್ದಳೆಂದು ನಂಬಿದ್ದರೋ ಇಲ್ಲವೋ, ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ, ಹೇಳುವ ಬಾಯಿ ಅವರಿಗಿರಲಿಲ್ಲ.

ಅವಳು ಮೂರು ವರ್ಷ ಬಣ್ಣದ ಕಾರ್ಖಾನೆಯಲ್ಲಿ ಡಬ್ಬಿಗಳ ಗುಣಮಟ್ಟ ನೋಡಿದಳು, ಆಮೇಲೆ ಶಾಲೆ ಸೇರಿದಳು. ಮಕ್ಕಳಿಗೆ ಪಾಠ ಚೆನ್ನಾಗಿಯೇ ಹೇಳಿದಳು. ಆದರೆ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಉತ್ತರಪತ್ರಿಕೆ ತಿದ್ದುವಾಗ ಆ ಸೂಜಿಗಳು ಕಣ್ಣಮುಂದೆ ಬಂದು ನಿಲ್ಲುತ್ತಿದ್ದವು. ಎಲ್ಲಿಗೆ ಹೋದವು? ಕೆಲವು ದಿನ ಅವಳಿಗೆ ತನ್ನ ಮೇಲೆಯೇ ಅನುಮಾನ ಬರುತ್ತಿತ್ತು. ಮೇಷ್ಟ್ರ ಮೇಲಿನ ಸಿಟ್ಟಿಗಿಂತ ಆ ಅನುಮಾನವೇ ಅವಳನ್ನು ಹೆಚ್ಚು ಸುಟ್ಟದ್ದು. ಆ ಲೆಕ್ಕವನ್ನೂ ಅವಳು ಮೇಷ್ಟ್ರ ತಲೆಗೇ ಕಟ್ಟಿದಳು.

ಮೊದಲ ದಿನ ಮೂರನೆಯ ಸಾಲಿನಲ್ಲಿ ಕೂತಳು. ಸುತ್ತ ಇಪ್ಪತ್ತು, ಇಪ್ಪತ್ತೊಂದರ ಹುಡುಗ ಹುಡುಗಿಯರು. ವಾರ ಕಳೆಯುವುದರೊಳಗೆ ಎಲ್ಲರ ಬಾಯಲ್ಲೂ ಅವಳು ಆಂಟಿಯಾದಳು, ಅವಳ ನೋಟ್ಸ್ ಎಲ್ಲರ ಆಸ್ತಿಯಾಯಿತು. ಮೇಷ್ಟ್ರ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗೇ ಇತ್ತು. ಅವರು ಬೋರ್ಡಿನ ಮೇಲೆ ಒಂದು ಇಂಗಾಲದ ಉಂಗುರ ಬರೆದು, ಎಲೆಕ್ಟ್ರಾನುಗಳು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆ, ಯಾಕೆ ಹೋಗುತ್ತವೆ ಎಂದು ಬಾಣ ಎಳೆದು ತೋರಿಸಿದರು. ಅಷ್ಟು ಚೆನ್ನಾಗಿ ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅವಳಿಗೆ ಇನ್ನಷ್ಟು ಉರಿಯಾಯಿತು. ಕೆಟ್ಟವರು ಕೆಟ್ಟದಾಗಿ ಪಾಠ ಮಾಡಿದರೆ ಎಷ್ಟು ಸುಖ.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ," ಎಂದರು ಹಾಜರಿ ಕರೆಯುವಾಗ.

"ನೋಡಿರಬಹುದು ಸಾರ್."

ಅವರು ಮುಂದಿನ ಹೆಸರಿಗೆ ಹೋದರು.

ಗುರುತು ಹಿಡಿದದ್ದು ಸ್ಟೋರ್ ಅಕ್ಕ. ಇಪ್ಪತ್ತೆಂಟು ವರ್ಷದಿಂದ ಜಾಲರಿ ಕಿಟಕಿಯ ಹಿಂದೆ ಕೂತು ಫ್ಲಾಸ್ಕು, ಥರ್ಮಾಮೀಟರು ಕೊಟ್ಟು ಸಹಿ ಹಾಕಿಸಿಕೊಳ್ಳುವವಳು. "ನೀನು ಆ ಸೂಜಿ ಹುಡುಗಿ ಅಲ್ವಾ? ಮೈ ಬಂದಿದೆ, ಮೂಗು ಅದೇ ಇದೆ," ಎಂದಳು. "ಯಾಕೆ ಬಂದೆ ಅಂತ ಕೇಳಲ್ಲ. ನಿನ್ನ ಮುಖದಲ್ಲೇ ಬರೆದಿದೆ."

ಎರಡು ತಿಂಗಳು ಸೂಜಿ ಮೇಷ್ಟ್ರ ತಪ್ಪು ಹುಡುಕಿದಳು. ಪಾಠದಲ್ಲಿ ಸಿಗಲಿಲ್ಲ. ಪೇಪರುಗಳಲ್ಲಿ ಸಿಗಲಿಲ್ಲ. ಅವರ ಪ್ರಯೋಗಾಲಯದಲ್ಲಿ ಆ ಎರಡು ಪುಡಿಗಳನ್ನು ಮತ್ತೆ ಕುದಿಸಿದಳು. ಬಿಲ್ಲೆಯೇ ಬಂತು.

ದಾರಿ ತೋರಿದ್ದು ಅವಳು ಬೇಡದಿದ್ದರೂ ಆರಿಸಿಕೊಂಡಿದ್ದ ವಿಷಯ. ನಿರವಯವ ರಸಾಯನಶಾಸ್ತ್ರ ನಡೆಯುತ್ತಿದ್ದದ್ದು ರಸ್ತೆಯ ಆಚೆಯ ಹೊಸ ಕಟ್ಟಡದಲ್ಲಿ. ಕಲಿಸುತ್ತಿದ್ದ ಮೇಡಂಗೆ ಮೂವತ್ತೆರಡು ವರ್ಷ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕೋಬಾಲ್ಟಿನ ಬಣ್ಣಗಳು ಮುಗಿದು ಘನವಸ್ತುಗಳ ಪಾಠ ಶುರುವಾದ ದಿನ ಆಕೆ ಹೇಳಿದಳು: "ವಜ್ರನೂ ಪೆನ್ಸಿಲ್ ಕಡ್ಡಿನೂ ಒಂದೇ ಇಂಗಾಲ, ಜೋಡಣೆ ಬೇರೆ. ಹರಳುಗಳೂ ಹಾಗೇನೇ. ಒಂದೇ ವಸ್ತು ಎರಡು ಥರ ಜೋಡಣೆ ಆಗಬಹುದು. ಕರಗುವ ಬಿಂದುನೂ ಬೇರೆಬೇರೆ. ತಮಾಷೆ ಏನು ಗೊತ್ತಾ? ಗಟ್ಟಿ ಜೋಡಣೆ ಒಂದು ಸಲ ಕೋಣೆಗೆ ಬಂದ್ರೆ, ದುರ್ಬಲ ಜೋಡಣೆ ಮತ್ತೆ ಅಲ್ಲಿ ಹುಟ್ಟೋದೇ ಕಷ್ಟ. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಸಾಕು. ಹಾಲಿಗೆ ಹೆಪ್ಪು ಬಿದ್ದ ಹಾಗೆ, ಎಲ್ಲಾನೂ ತನ್ನ ದಾರಿಗೆ ತಗೊಂಡುಬಿಡುತ್ತೆ. ಮಾಡಿದವರು ಸುಳ್ಳರು ಅಂತ ಅನ್ನಿಸ್ಕೊಂಡಿದ್ದೂ ಇದೆ."

ಸೂಜಿಯ ಪೆನ್ನು ನಿಂತಿತು. ಉಳಿದ ಅರ್ಧ ಗಂಟೆಯಲ್ಲಿ ಅವಳು ಒಂದಕ್ಷರ ಬರೆಯಲಿಲ್ಲ. ಪಾಠ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಎರಡೂ ಅಂಗೈಗಳನ್ನು ನೋಡಿಕೊಂಡಳು. ತಾನು ಕದ್ದಿರಲಿಲ್ಲ, ತಪ್ಪನ್ನೂ ಮಾಡಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅದು ಅವಳಿಗೆ ಖಚಿತವಾಗಿ ಗೊತ್ತಾಯಿತು. ಅಳು ಬರಲಿಲ್ಲ. ಹಸಿವಾಯಿತು.

ಮರುದಿನ ಮೇಡಂ ಬಳಿ ಹೋಗಿ ಕೇಳಿದಳು. "ಕಳೆದುಹೋದ ಹರಳನ್ನ ಮತ್ತೆ ತರಬೇಕು ಅಂದ್ರೆ?"

"ಗಟ್ಟಿ ಹರಳು ಕಾಲಿಡದ ಜಾಗ ಬೇಕು. ಹೊಸ ಗಾಜು, ಹೊಸ ಪುಡಿ, ಹೊಸ ಕೈ. ಯಾಕೆ?"

"ಸುಮ್ನೆ ಕುತೂಹಲ ಮೇಡಂ. ಇಲ್ಲೊಂದು ಮೇಜು ಸಿಗುತ್ತಾ? ಕೋಬಾಲ್ಟ್ ಪ್ರಯೋಗ ಕೈಗೆ ಕೂರ್ತಿಲ್ಲ, ಅಭ್ಯಾಸ ಮಾಡ್ಬೇಕು."

ಸುಳ್ಳು ಬಾಯಿಂದ ಸಲೀಸಾಗಿ ಬಂತು. ಮೇಡಂ ಸಂತೋಷದಿಂದಲೇ ಮೂಲೆಯ ಮೇಜು, ಕಪಾಟಿನ ಬೀಗದ ಕೈ ಎರಡನ್ನೂ ಕೊಟ್ಟಳು. ಈ ವಯಸ್ಸಿನಲ್ಲಿ ಇಷ್ಟು ಶ್ರದ್ಧೆ ಇರುವ ವಿದ್ಯಾರ್ಥಿನಿ ಸಿಕ್ಕಿದ್ದಾರೆಂದು ಇತರರೊಡನೆ ಹೇಳಿಕೊಂಡು ತಿರುಗಿದಳು.

ಮೇಷ್ಟ್ರ ಪ್ರಯೋಗಾಲಯಕ್ಕೆ ಹೋದ ದಿನ ಸೂಜಿ ಹೊಸ ಕಟ್ಟಡಕ್ಕೆ ಕಾಲಿಡಲಿಲ್ಲ. ಹೊಸ ಕಟ್ಟಡಕ್ಕೆ ಹೋಗುವ ದಿನ ತಲೆಗೆ ಸ್ನಾನ ಮಾಡಿ, ಬೇರೆ ಚಪ್ಪಲಿ ಮೆಟ್ಟಿ, ಪೊಟ್ಟಣದಿಂದ ಆಗಷ್ಟೇ ತೆಗೆದ ರೇನ್‌ಕೋಟ್ ತೊಟ್ಟು ಹೋಗುತ್ತಿದ್ದಳು. ಬಿಸಿಲಲ್ಲಿ ಯಾಕೆ ಆಂಟಿ ರೇನ್‌ಕೋಟು ಎಂದು ಹುಡುಗಿಯರು ಕೇಳಿದರೆ, ಆಸಿಡ್ ಮಳೆ ಬಂದ್ರೆ ಅಂತ, ಎನ್ನುತ್ತಿದ್ದಳು. ಮೊದಲ ಸಲ ಬಿಲ್ಲೆ ಬಂತು. ಕೈಗಡಿಯಾರ ಬಿಚ್ಚಿಟ್ಟು ಮಾಡಿದಳು. ಎರಡನೆಯ ಸಲವೂ ಬಿಲ್ಲೆ. ಮೂರನೆಯ ಸಲವೂ ಬಿಲ್ಲೆ ಬಂದಾಗ ಮೇಜಿನ ಮೇಲಿದ್ದ ತನ್ನ ನೋಟ್‌ಬುಕ್ ಕಡೆ ಕಣ್ಣು ಹೋಯಿತು. ಅದು ಎರಡೂ ಕಟ್ಟಡ ತಿರುಗುತ್ತಿತ್ತು. ಹಾಳೆಗಳ ಸಂದಿಯಲ್ಲಿ ಹೆಪ್ಪು ಹೊತ್ತು ತಂದದ್ದು ಅದೇ. ಮೇಜು, ಕಪಾಟು, ಕಿಟಕಿಯ ಚೌಕಟ್ಟು ಎಲ್ಲವನ್ನೂ ಸ್ಪಿರಿಟ್ಟಿನಲ್ಲಿ ಮೂರು ಮೂರು ಸಲ ಒರೆಸಿ, ಕಿಟಕಿ ಮುಚ್ಚಿ, ಇನ್ನೂ ತೆರೆಯದ ಪೆಟ್ಟಿಗೆಯ ಗಾಜು ತಂದು, ಅಂಕಿಗಳನ್ನು ತಲೆಯಲ್ಲೇ ಇಟ್ಟುಕೊಂಡು ನಾಲ್ಕನೆಯ ಸಲ ಕುದಿಸಿದಳು.

ಮಧ್ಯಾಹ್ನ ಎರಡೂವರೆಗೆ ಫ್ಲಾಸ್ಕಿನ ತಳದಲ್ಲಿ ಒಂದು ಬಿಳಿ ಎಳೆ ಕಾಣಿಸಿತು. ನೋಡುತ್ತಿದ್ದಂತೆ ಅದರ ಪಕ್ಕ ಇನ್ನೊಂದು, ಆಮೇಲೆ ಒಂದು ಮುಷ್ಟಿಯಷ್ಟು. ಥರ್ಮಾಮೀಟರ್ ನೂರಾ ಮೂವತ್ತೊಂದಕ್ಕೆ ಬಂದಾಗ ಸೂಜಿಗಳು ಕುಸಿದು ನೀರಾದವು. "ಬಂದ್ರಾ," ಎಂದಳು ಅವಳು, ಮನೆಗೆ ತಡವಾಗಿ ಬಂದವರನ್ನು ಕೇಳುವಂತೆ. ಹರಳುಗಳನ್ನು ಹನ್ನೆರಡು ಗಾಜಿನ ನಳಿಕೆಗಳಿಗೆ ತುಂಬಿ, ಬಾಯಿಗಳನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದಳು.

ಅಷ್ಟಕ್ಕೇ ನಿಂತಿದ್ದರೆ ಅವಳು ಮೇಷ್ಟ್ರನ್ನು ಕ್ಷಮಿಸುತ್ತಿದ್ದಳೋ ಏನೋ. ಅವರಿಗೂ ಗೊತ್ತಿರಲಿಲ್ಲ ಎಂಬ ಒಂದು ಮಾತು ಮನಸ್ಸಿನ ಮೂಲೆಯಲ್ಲಿ ಏಳುತ್ತಿತ್ತು. ಅದನ್ನು ಸ್ಟೋರ್ ಅಕ್ಕ ಮುಗಿಸಿದಳು. ಮೇಷ್ಟ್ರು ನಿವೃತ್ತಿಗೆ ಮುಂಚೆ ಕಪಾಟು ಖಾಲಿ ಮಾಡಿಸಿ, ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಗುಜರಿಗೆ ಹಾಕಲು ಚೀಲ ಕಟ್ಟಿಸಿದ್ದರು. ಅಕ್ಕ ಒಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ಜಾಲರಿಯ ಕೆಳಗಿನಿಂದ ತಳ್ಳಿದಳು.

"ಇದು ಕಳವಾಗಲ್ವಾ ಅಕ್ಕ?"

"ಕಸಕ್ಕೆ ಹಾಕಿದ್ದು ಕಳವಾಗಲ್ಲ. ವರ್ಷ ನೋಡಿ ತೆಗ್ದಿದೀನಿ. ಓದು."

ಮೇಷ್ಟ್ರ ಪೇಪರ್ ಬರುವ ಹದಿಮೂರು ತಿಂಗಳ ಹಿಂದಿನ ತಾರೀಖು, ಅವರದೇ ಬಾಗಿದ ಅಕ್ಷರ. 'ಸೂಜಿಯಂಥ ಹರಳು, 131. ಎರಡನೆಯ ಸಲವೂ ಅದೇ.' ಮೂರು ವಾರದ ನಂತರ: 'ಬಿಲ್ಲೆ, 147. ಹಿಂದಿನವು ಮತ್ತೆ ಬರುತ್ತಿಲ್ಲ. ಕಾರಣ ತಿಳಿಯದು. ಪೇಪರಿನಲ್ಲಿ ಹೇಳುವುದು ಬೇಡ.'

ಅಂದರೆ 'ಎಲ್ಲಮ್ಮ ನಿನ್ನ ಸೂಜಿ?' ಎಂದು ಕೇಳಿದ ದಿನ, ಅವರು ಆ ಸೂಜಿಗಳನ್ನು ತಮ್ಮ ಕಣ್ಣಾರೆ ಕಂಡವರೇ ಆಗಿದ್ದರು. ಸೂಜಿ ಪುಸ್ತಕ ಮುಚ್ಚಿದಳು. ಇಷ್ಟು ವರ್ಷ ಕುದಿಯುತ್ತಿದ್ದದ್ದು ಆಗ ತಣ್ಣಗಾಗಿ ಗಟ್ಟಿಯಾಯಿತು. ಸೆಮಿನಾರಿಗೆ ಐದು ವಾರ ಇತ್ತು. ಅವಳು ಪ್ರತಿ ದಿನ ಸಂಜೆ ಅಡುಗೆಮನೆಯಲ್ಲಿ ಅಮ್ಮನೆದುರು ನಿಂತು ಒಂದೊಂದೇ ಮಾತು ಅಭ್ಯಾಸ ಮಾಡಿದಳು. ಅಮ್ಮ ತರಕಾರಿ ಹೆಚ್ಚುತ್ತ, "ನಿಧಾನಕ್ಕೆ ಹೇಳು. ಸಿಟ್ಟು ಬಂದಾಗ ನೀನು ಮಾತು ನುಂಗ್ತೀಯ," ಎನ್ನುತ್ತಿದ್ದಳು. ಬೇಡ ಎನ್ನುವುದನ್ನು ಆಕೆ ಆ ಹೊತ್ತಿಗೆ ಬಿಟ್ಟಿದ್ದಳು.

ಸೆಮಿನಾರ್ ಹೊಸ ಕಟ್ಟಡದ ಸಭಾಂಗಣದಲ್ಲಿ. ಮೊದಲ ಸಾಲಿನಲ್ಲಿ ದೊಡ್ಡ ಮೇಷ್ಟ್ರು, ವಿಭಾಗದ ಮುಖ್ಯಸ್ಥರು, ಮೇಡಂ. ಹಿಂದೆ ಹುಡುಗರು. ಮೇಷ್ಟ್ರ ಪ್ರಯೋಗಾಲಯಕ್ಕೆ ಅವರದೇ ಹೆಸರಿಡುವ ತೀರ್ಮಾನ ಆಗಿ, ಬೋರ್ಡು ಬರೆಸಲು ಕೊಟ್ಟಾಗಿತ್ತು. ಸೂಜಿ ಹಳೆಯ ಕಥೆ ಎತ್ತಲಿಲ್ಲ. ಒಂದು ವಸ್ತು, ಎರಡು ಜೋಡಣೆ ಎಂದಷ್ಟೇ ಶುರುಮಾಡಿದಳು. ಒಬ್ಬ ಹುಡುಗಿಯನ್ನು ಕರೆದು, ಒಂದು ನಳಿಕೆ ಕಾಯಿಸಿ, ಅಂಕಿ ಜೋರಾಗಿ ಓದಲು ಹೇಳಿದಳು.

"ನೂರಾ ಮೂವತ್ತೊಂದು," ಎಂದಳು ಹುಡುಗಿ.

ಮೇಷ್ಟ್ರು ಕಾಲ ಮೇಲಿನ ಕಾಲು ಇಳಿಸಿದರು.

ಆಮೇಲೆ ಎರಡು ಪುಟ್ಟ ಫ್ಲಾಸ್ಕುಗಳಲ್ಲಿ ಒಂದೇ ಬೆಚ್ಚಗಿನ ದ್ರಾವಣ ಸುರಿದಳು. ಒಂದಕ್ಕೆ ಸೂಜಿಯ ಒಂದು ಕಣ ಹಾಕಿ ಮುಚ್ಚಿದಳು, ಇನ್ನೊಂದಕ್ಕೆ ಹಳೆಯ ಕಟ್ಟಡದಿಂದ ತಂದ ಬಿಲ್ಲೆಯ ಕಣ. ಕಾಲು ಗಂಟೆಯಲ್ಲಿ ಒಂದರಲ್ಲಿ ಸೂಜಿಗಳು ತುಂಬಿದವು, ಇನ್ನೊಂದರಲ್ಲಿ ಬಿಲ್ಲೆಗಳು. ಹುಡುಗರು ಬೆಂಚು ಬಿಟ್ಟು ಮುಂದೆ ಬಂದು ಇಣುಕಿದರು.

"ಚೆನ್ನಾಗಿದೆ," ಎಂದರು ಮೇಷ್ಟ್ರು. "ಆದ್ರೆ ಇದೆಲ್ಲ ಆಗ ಯಾರಿಗೂ ಗೊತ್ತಿರಲಿಲ್ಲ."

"ಯಾವಾಗ ಸಾರ್?"

ಯಾವಾಗಿನ ಮಾತನ್ನೂ ಅವಳು ಆಡಿರಲಿಲ್ಲ. ಈಗ ಅವರು ಅವಳ ಮುಖವನ್ನು ಸರಿಯಾಗಿ ನೋಡಿದರು. ಗುರುತು ಸಿಕ್ಕಿದ್ದು ಅವರ ಕಣ್ಣಲ್ಲಿ ಕಂಡಿತು. ಅದಕ್ಕಾಗಿ ಅವಳು ಇಪ್ಪತ್ತೊಂದು ವರ್ಷ ಕಾದಿದ್ದಳು. ಅವಸರ ಮಾಡದೆ ಅದನ್ನು ಪೂರ್ತಿ ಸವಿದಳು. ಆಮೇಲೆ ಚೀಲದಿಂದ ನೋಟ್‌ಬುಕ್ ತೆಗೆದು, ತಾರೀಖಿನ ಸಮೇತ ಆ ಸಾಲುಗಳನ್ನು ಓದಿದಳು. ತನ್ನ ಪ್ರಾಜೆಕ್ಟಿನ ತಾರೀಖನ್ನೂ ಓದಿದಳು, ರಿಜಿಸ್ಟರಿನ ಎರಡು ಪದಗಳನ್ನೂ ಓದಿದಳು.

"ಆ ಪುಸ್ತಕ ನಿಂಗೆ ಎಲ್ಲಿ ಸಿಕ್ತು?" ಎಂದರು ಮೇಷ್ಟ್ರು. ನನ್ನದಲ್ಲ ಎನ್ನಲಿಲ್ಲ. ಮುಖ್ಯಸ್ಥರು ಕೈಚಾಚಿ ಪುಸ್ತಕ ಇಸಿದುಕೊಂಡು, ಕನ್ನಡಕ ಏರಿಸಿ ಓದಿ, ಸೆಮಿನಾರ್ ಮುಗಿಯಿತು ಎಂದರು.

ಮರುದಿನ ಮೇಷ್ಟ್ರು ತಾವಾಗಿ ಅವಳ ಮೇಜಿನ ಬಳಿ ಬಂದರು. ಅವಳು ಗಾಜು ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ.

"ನಿನ್ನ ಹಳೇ ಅಂಕ ಸರಿಮಾಡಿಸ್ತೀನಮ್ಮ. ಪದವಿನೂ ಕೊಡಿಸ್ತೀನಿ. ಇದನ್ನ ಇಲ್ಲಿಗೇ ಬಿಟ್ಟುಬಿಡು."

"ಪದವಿ ತಗೊಂಡು ಏನ್ಮಾಡ್ಲಿ ಸಾರ್? ನನ್ನ ಮಕ್ಕಳಿಗೆ ಹತ್ತನೇ ಕ್ಲಾಸಿನ ಪಾಠ ಹೇಳೋಕೆ ಇರೋದೇ ಸಾಕು."

"ಮತ್ತೇನು ಬೇಕು?"

"ನಿಮ್ಮ ಪೇಪರ್ ಎಲ್ಲಿ ಅಚ್ಚಾಯ್ತೋ ಅಲ್ಲೇ ಬರೀರಿ. ಸೂಜಿ ಮೊದಲು ನಿಮಗೆ ಬಂತು, ಮುಚ್ಚಿಟ್ರಿ. ಆಮೇಲೆ ನನಗೆ ಬಂತು, ಕಳ್ಳಿ ಅಂದ್ರಿ. ನನ್ನ ಪೂರ್ತಿ ಹೆಸರು ಹಾಕಿ ಬರೀರಿ."

"ನನ್ನ ಮೂವತ್ತೈದು ವರ್ಷ ಬರೀ ಒಂದು ಪೇಪರಲ್ಲಮ್ಮ."

"ನನ್ನ ಬದುಕೂ ಬರೀ ಒಂದು ಅಂಕಿ ಆಗಿರಲಿಲ್ಲ ಸಾರ್."

ಅವರು ಮೇಜಿನ ಅಂಚು ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂತರು. ಅದನ್ನು ಕಂಡು ಅವಳಿಗೆ ಖುಷಿಯಾಯಿತು. ಖುಷಿಯಾಯಿತೆಂದು ತನಗೆ ತಾನೇ ಒಪ್ಪಿಕೊಂಡಳು. ಅವರು ಹೋಗುವವರೆಗೆ ಇನ್ನೆರಡು ಫ್ಲಾಸ್ಕು ತೊಳೆದಳು.

ಮೇಷ್ಟ್ರು ಬರೆದರು. ಬರೆಯದೆ ಬೇರೆ ದಾರಿ ಇರಲಿಲ್ಲ, ಪುಸ್ತಕ ಮುಖ್ಯಸ್ಥರ ಬೀರುವಿನಲ್ಲಿತ್ತು. ಹೆಸರಿನ ಬೋರ್ಡು ಮೇಲೇರಲಿಲ್ಲ. ಉಳಿದ ತಿಂಗಳುಗಳ ರಜೆ ಹಾಕಿ ಅವರು ಬರುವುದನ್ನೇ ನಿಲ್ಲಿಸಿದರು. ಬೀಳ್ಕೊಡುಗೆಯೂ ಆಗಲಿಲ್ಲ.

ಆದರೆ ಕಲ್ಲೆಸೆದರೆ ಸಿಡಿಯುವ ಕೆಸರು ಯಾರ ಮೇಲೆಂದು ನೋಡಿಕೊಂಡು ಬೀಳುವುದಿಲ್ಲ. ಅನುಮತಿಯಿಲ್ಲದ ಪ್ರಯೋಗಕ್ಕೆ ಮೇಜು ಕೊಟ್ಟವರು ಯಾರು ಎಂದು ಮೇಡಂಗೆ ನೋಟಿಸ್ ಬಂತು. ಆಕೆಯ ಕಾಯಂ ಪತ್ರ ತಡೆಹಿಡಿದರು. ಆಕೆ ಸೂಜಿಯನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು.

"ಕೋಬಾಲ್ಟ್ ಅಭ್ಯಾಸ ಅಂದಿದ್ರಿ."

"ನಿಜ ಹೇಳಿದ್ರೆ ಕೊಡ್ತಿರಲಿಲ್ವೇನೋ ಅಂತ..."

"ಕೊಡ್ತಿದ್ದೆ. ಅದೇ ನಂಗೆ ಬೇಜಾರು. ಕೇಳಿದ್ರೆ ನಾನೂ ನಿಮ್ಮ ಪಕ್ಕ ನಿಂತಿರ್ತಿದ್ದೆ. ನೀವು ಕೇಳ್ಲಿಲ್ಲ. ನನ್ನನ್ನೂ ಒಂದು ಫ್ಲಾಸ್ಕಿನ ಹಾಗೆ ಬಳಸ್ಕೊಂಡ್ರಿ."

ಮೇಷ್ಟ್ರ ಎದುರು ಅಷ್ಟು ಚೂಪಾಗಿದ್ದ ಮಾತು ಈಗ ಒಂದೂ ಇರಲಿಲ್ಲ. ಸೂಜಿ ಮನೆಗೆ ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ, "ಅವನಿಗೆ ಮಾಡಿದ್ದಕ್ಕೆ ನಾನೇನೂ ಅನ್ನಲ್ಲ. ಆ ಹುಡುಗಿಗೆ ಮಾಡಿದ್ದಕ್ಕೆ ನೀನೇ ಹೋಗಿ ಹೇಳ್ಬೇಕು," ಎಂದಳು.

ಮರುದಿನ ಸೂಜಿ ಮುಖ್ಯಸ್ಥರಿಗೆ ಪತ್ರ ಕೊಟ್ಟಳು: ಮೇಡಂಗೆ ವಿಷಯ ತಿಳಿದಿರಲಿಲ್ಲ, ಸುಳ್ಳು ಹೇಳಿ ಮೇಜು ಪಡೆದದ್ದು ತಾನು, ಶಿಕ್ಷೆ ತನಗಿರಲಿ. ಮುಖ್ಯಸ್ಥರು ನಿಯಮ ಬಿಡುವವರಲ್ಲ. ಪರೀಕ್ಷೆ ಬರೆಯಬಹುದು, ಪ್ರಮಾಣಪತ್ರ ಸಿಗದು ಎಂದು ತೀರ್ಪಾಯಿತು. ಎರಡು ತಿಂಗಳಿಗೆ ಮೇಡಂ ಕೆಲಸ ಕಾಯಂ ಆಯಿತು. ಆಕೆ ಪಾಠ ಮೊದಲಿನಂತೆಯೇ ಮಾಡಿದಳು, ಸೂಜಿ ಪ್ರಶ್ನೆ ಕೇಳಿದರೆ ಉತ್ತರ ಹೇಳಿದಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ.

ಪ್ರಮಾಣಪತ್ರವಿಲ್ಲದ ಪರೀಕ್ಷೆಗೆ ಯಾಕೆ ಕೂರ್ತೀರಿ ಆಂಟಿ ಎಂದು ಹುಡುಗಿಯರು ಕೇಳಿದರು. ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಎರಡೂ ಪರೀಕ್ಷೆ ಬರೆದಳು. ಸಾವಯವದ ನಾಲ್ಕನೆಯ ಪ್ರಶ್ನೆಗೆ ಬಾಣಗಳನ್ನು ಮೇಷ್ಟ್ರು ಹೇಳಿಕೊಟ್ಟ ರೀತಿಯಲ್ಲೇ ಎಳೆದಳು, ಅದಕ್ಕಿಂತ ಸರಿಯಾದ ರೀತಿ ಇರಲಿಲ್ಲ. ನಿರವಯವದಲ್ಲಿ ಹೆಚ್ಚುವರಿ ಹಾಳೆ ಕೇಳಿದಳು.

ತಿದ್ದುಪಡಿ ಅಚ್ಚಾದಾಗ ಅವಳು ಶಾಲೆಗೆ ಮರಳಿ ಮೂರು ತಿಂಗಳಾಗಿತ್ತು. ಏಳು ಸಾಲು. ಅದರಲ್ಲಿ ಅವಳ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು.

"ಈಗ ಸಮಾಧಾನ ಆಯ್ತಾ?"

"ಅವರ ವಿಷಯದಲ್ಲಿ ಆಯ್ತಮ್ಮ. ಚೆನ್ನಾಗಿಯೇ ಆಯ್ತು," ಎಂದಳು ಸೂಜಿ. ಆಮೇಲೆ ಒಂದು ಲಕೋಟೆ ತೆಗೆದು ಮೇಡಂಗೆ ಬರೆಯಲು ಕೂತಳು. ಅದು ಅವಳು ಬರೆಯುತ್ತಿದ್ದ ಮೂರನೆಯ ಪತ್ರ. ಮೊದಲೆರಡಕ್ಕೆ ಉತ್ತರ ಬಂದಿರಲಿಲ್ಲ.